ಕ್ವೀನ್ ಬೀದಿ, 999

ಟೊರಾಂಟೊ ನಗರದ ಕ್ವೀನ್ ಬೀದಿಯ ಪಶ್ಚಿಮ ಭಾಗದಲ್ಲಿ, 501ನೆಯ ಸಂಖ್ಯೆಯ ಟ್ರಾಮು ಹಾದುಹೋಗುವ ದಾರಿಯ ದಕ್ಷಿಣ ಮಗ್ಗುಲಲ್ಲಿದ್ದ ಒಂದು ಕಟ್ಟಡದ ಸಂಖ್ಯೆಯು ಹಲವು ತಲೆಮಾರುಗಳ ಕಾಲ ಊರವರ ಬಾಯಲ್ಲಿ ಪರಿಹಾಸದ ಮಾತಾಗಿ, ಒಮ್ಮೊಮ್ಮೆ ಬೈಗುಳವಾಗಿ ಬಳಕೆಯಲ್ಲಿತ್ತು. ಆ ಸಂಖ್ಯೆ 999. ಬೆಂಗಳೂರಿನಲ್ಲಿ ಸ್ನೇಹಿತರು ಒಬ್ಬರನ್ನೊಬ್ಬರು ಛೇಡಿಸುವಾಗ "ನಿನ್ನನ್ನು ನಿಮ್ಹಾನ್ಸ್‌ಗೆ ಸೇರಿಸಬೇಕು" ಎನ್ನುವುದುಂಟಷ್ಟೆ. ಟೊರಾಂಟೊದವರಿಗೆ ಹೆಸರನ್ನು ಹೇಳುವ ಶ್ರಮವೂ ಬೇಕಿರಲಿಲ್ಲ, ಅಂಕಿಯೊಂದೇ ಸಾಕಾಗಿತ್ತು. ಅಂಕಿಗೆ ಅಂಟಿಕೊಂಡ ಕಳಂಕವನ್ನು ಕಳೆಯಲೆಂದು 1979ರಲ್ಲಿ ಅಲ್ಲಿದ್ದ ಮಾನಸಿಕ ಆಸ್ಪತ್ರೆಯ ಅಧಿಕಾರಿಗಳು ವಿಳಾಸವನ್ನೇ ಬದಲಿಸಿ 1001 ಎಂದು ಮಾಡಿಕೊಂಡರು. ಮನೋರೋಗದ ವಿಷಯದಲ್ಲಿ ಹೆಸರನ್ನು ಬದಲಿಸುವ ಉಪಾಯವು ಬಹಳ ಹಳೆಯದು. ಈ ಸಂಸ್ಥೆಯೇ ನೂರೈವತ್ತು ವರ್ಷಗಳಲ್ಲಿ ಆರೇಳು ಹೆಸರುಗಳನ್ನು ತೊಟ್ಟು ಕಳಚಿದೆ.

ಇಂದು ನಾವು ಖಿನ್ನತೆ ಎಂದು ಕರೆಯುವ ವ್ಯಾಧಿಯನ್ನು ಈ ನಗರದಲ್ಲಿ ಯಾರು ಗುರುತಿಸುತ್ತಿದ್ದರು, ಗುರುತಿಸಿದ ಮೇಲೆ ಏನು ಮಾಡುತ್ತಿದ್ದರು ಎಂಬ ಪ್ರಶ್ನೆಯನ್ನಿಟ್ಟುಕೊಂಡು ಆ ಹಳೆಯ ಸಂಸ್ಥೆಯ ಚರಿತ್ರೆಯನ್ನು ನೋಡಿದರೆ, ಅದು ಕೇವಲ ವೈದ್ಯಶಾಸ್ತ್ರದ ಪ್ರಗತಿಯ ಕಥೆಯಾಗಿ ಉಳಿಯುವುದಿಲ್ಲ. ಉನ್ಮಾದವು ತನ್ನನ್ನು ತಾನೇ ಸಾರಿಕೊಳ್ಳುತ್ತದೆ. ಕೂಗಾಡುವವನನ್ನು ನೆರೆಯವರು ಕಾಣುತ್ತಾರೆ, ಪೋಲೀಸಿನವನು ಕಾಣುತ್ತಾನೆ. ವಿಷಾದಗ್ರಸ್ತನಾದವನು ಯಾರಿಗೂ ಉಪದ್ರವ ಕೊಡುವುದಿಲ್ಲ. ಮೂಲೆಯಲ್ಲಿ ಕುಳಿತಿರುತ್ತಾನೆ, ಉಂಡರೆ ಉಂಡ, ಬಿಟ್ಟರೆ ಬಿಟ್ಟ. ಆದುದರಿಂದ ಅವನ ಪಾಲಿಗೆ ಚಿಕಿತ್ಸೆ ಇತ್ತೇ ಇಲ್ಲವೇ ಎಂಬುದಕ್ಕಿಂತ, ಅವನನ್ನು ಗಮನಿಸುವ ಕಣ್ಣೊಂದು ಹತ್ತಿರದಲ್ಲಿತ್ತೇ ಎಂಬುದೇ ಎಲ್ಲ ಕಾಲದಲ್ಲಿಯೂ ಮೊದಲನೆಯ ಮಾತಾಗಿದೆ.

ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಅಪ್ಪರ್ ಕೆನಡಾ ಎನಿಸಿಕೊಂಡಿದ್ದ ಈ ಪ್ರಾಂತ್ಯದಲ್ಲಿ ಬುದ್ಧಿ ಕೆಟ್ಟವರಿಗೆ ಇದ್ದ ಸ್ಥಳ ಕಾರಾಗೃಹವೊಂದೇ. 1839ರಲ್ಲಿ ಆಶ್ರಯಧಾಮವೊಂದನ್ನು ಕಟ್ಟಿಸಲು ಅಧಿಕಾರ ಕೊಡುವ ಶಾಸನವೇನೋ ಆಯಿತು. ಆದರೆ ಕಟ್ಟಡವಿಲ್ಲದ ಕಾರಣ 1841ರಲ್ಲಿ ನಗರದ ಹಳೆಯ ಸೆರೆಮನೆಯಲ್ಲಿಯೇ ತಾತ್ಕಾಲಿಕ ಆಶ್ರಯಧಾಮವನ್ನು ತೆರೆದರು. ಕೈದಿಗಳು ಬಿಟ್ಟುಹೋದ ಕೋಣೆಗಳಿಗೆ ರೋಗಿಗಳು ಬಂದರು. ಕೊನೆಗೆ ಜಾನ್ ಹೊವಾರ್ಡ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ, ಅಂದಿಗೆ ಊರ ಹೊರಗಿದ್ದ ಬಯಲಿನಲ್ಲಿ, ಗುಮ್ಮಟವುಳ್ಳ ಭವ್ಯ ಸೌಧವೊಂದು ಎದ್ದಿತು. ಆ ಗುಮ್ಮಟ ಕೇವಲ ಅಲಂಕಾರಕ್ಕಲ್ಲ; ಅದರೊಳಗೆ ಇಡೀ ಕಟ್ಟಡಕ್ಕೆ ನೀರೊದಗಿಸುವ ತೊಟ್ಟಿಯಿತ್ತು. 1850ರ ಜನವರಿ 26ರಂದು ಬಾಗಿಲು ತೆರೆಯಿತು. ಈ ಹೊವಾರ್ಡನೇ ಮುಂದೆ ತನ್ನ ಸ್ವಂತ ಜಮೀನನ್ನು ನಗರಕ್ಕೆ ಒಪ್ಪಿಸಿದವನು. ಇಂದು ವಸಂತದಲ್ಲಿ ಚೆರ್ರಿ ಹೂಗಳನ್ನು ನೋಡಲು ನಮ್ಮವರು ಸಂಸಾರಸಮೇತರಾಗಿ ಹೋಗುವ ಹೈ ಪಾರ್ಕ್ ಅದೇ.

ಭವ್ಯತೆಯ ತಳದಲ್ಲಿ ಏನಿತ್ತೆಂಬುದು 1853ರಲ್ಲಿ ಬೆಳಕಿಗೆ ಬಂದಿತು. ಆ ವರ್ಷ ಅಧೀಕ್ಷಕನಾಗಿ ಬಂದವನು ಜೋಸೆಫ್ ವರ್ಕ್‌ಮನ್. ಐರ್ಲೆಂಡಿನಲ್ಲಿ ಹುಟ್ಟಿ, ಮಾಂಟ್ರಿಯಲ್‌ನಲ್ಲಿ ವೈದ್ಯ ಕಲಿತು, ನಡುವೆ ಕೆಲಕಾಲ ಕಬ್ಬಿಣದ ಸಾಮಾನಿನ ವ್ಯಾಪಾರವನ್ನೂ ಮಾಡಿದ್ದವನು. ರೋಗಿಗಳು ಕಾರಣ ತಿಳಿಯದೆ ಭೇದಿ ಜ್ವರಗಳಿಗೆ ತುತ್ತಾಗುತ್ತಿದ್ದುದನ್ನು ಕಂಡು, ಆತ ನೆಲವನ್ನು ಅಗೆಸಿ ನೋಡಿದನು. ಕಟ್ಟಡದ ಚರಂಡಿಗಳನ್ನು ಊರಿನ ದೊಡ್ಡ ಚರಂಡಿಗೆ ಯಾರೂ ಜೋಡಿಸಿಯೇ ಇರಲಿಲ್ಲ! ಮೂರು ವರ್ಷಗಳ ಕೊಳಚೆಯೆಲ್ಲ ತಳಮಾಳಿಗೆಯ ಅಡಿಯಲ್ಲಿ ಮಡುಗಟ್ಟಿ ನಿಂತಿತ್ತು. ವ್ಯಾಪಾರಿಯಾಗಿ ಕಬ್ಬಿಣದ ಕೊಳವೆಗಳ ಲೆಕ್ಕ ಬಲ್ಲವನಾಗಿದ್ದುದರಿಂದಲೋ ಏನೋ, ಮನಸ್ಸಿನ ರೋಗಕ್ಕೆ ಮೊದಲ ಮದ್ದು ಶುಚಿಯಾದ ನೆಲ, ಒಳ್ಳೆಯ ಊಟ, ಸಾಕಷ್ಟು ಗಾಳಿ ಎಂಬುದರಲ್ಲಿ ಆತನಿಗೆ ಸಂಶಯವಿರಲಿಲ್ಲ. 1875ರವರೆಗೆ ಇಪ್ಪತ್ತೆರಡು ವರ್ಷಗಳ ಕಾಲ ಆತ ಆ ಮನೆಯನ್ನು ನಡೆಸಿದನು. ಮನೋವೈದ್ಯದ ಚರಿತ್ರೆಯನ್ನು ಬರೆಯುವವರು ಸಿದ್ಧಾಂತಗಳ ಕಡೆಗೆ ಹೆಚ್ಚು ಒಲಿಯುತ್ತಾರೆ. ಚರಂಡಿಯನ್ನು ಸರಿಪಡಿಸಿದವನಿಂದ ಎಷ್ಟು ಜೀವಗಳು ಉಳಿದವೆಂಬುದನ್ನು ಎಣಿಸುವ ತಾಳ್ಮೆ ಅವರಿಗೆ ಕಡಿಮೆ.

ಅಂದಿನ ದಾಖಲೆಪುಸ್ತಕಗಳು ರೋಗಿಗಳನ್ನು ಉನ್ಮಾದ, ವಿಷಾದ, ಬುದ್ಧಿಕ್ಷಯ ಎಂಬ ಸ್ಥೂಲವಾದ ಪಂಗಡಗಳಲ್ಲಿ ಹಂಚುತ್ತಿದ್ದುವು. ವಿಷಾದದ ಪಂಗಡಕ್ಕೆ ಸೇರಿದವರು ಅಲ್ಲಿಗೆ ಬಂದು ಮುಟ್ಟುತ್ತಿದ್ದುದು ಸಾಮಾನ್ಯವಾಗಿ ವ್ಯಾಧಿಯು ಅತಿರೇಕಕ್ಕೆ ಹೋದ ಮೇಲೆ: ಅನ್ನವನ್ನು ಪೂರ್ಣವಾಗಿ ತ್ಯಜಿಸಿದಾಗ, ಇಲ್ಲವೆ ಪ್ರಾಣವನ್ನು ಕಳೆದುಕೊಳ್ಳಲು ಯತ್ನಿಸಿ ಉಳಿದಾಗ. ತತ್ಪೂರ್ವದ ತಿಂಗಳುಗಳು, ವರ್ಷಗಳು ಎಲ್ಲಿ ಕಳೆದುವೋ ಪುಸ್ತಕ ಹೇಳುವುದಿಲ್ಲ. ಬಂದ ಮೇಲೆ ಕೊಡುತ್ತಿದ್ದ ಚಿಕಿತ್ಸೆಯಲ್ಲಿ ಪ್ರಧಾನವಾದುದು ದುಡಿಮೆ. ಹೆಂಗಸರಿಗೆ ಹೊಲಿಗೆ, ಬಟ್ಟೆ ಒಗೆಯುವುದು. ಗಂಡಸರಿಗೆ ಹೊಲದ ಕೆಲಸ, ಗಾರೆಯ ಕೆಲಸ. ಕಾಯಕದಿಂದ ಮನಸ್ಸು ತಿಳಿಯಾಗುವುದೆಂಬ ನಂಬಿಕೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಆ ದುಡಿಮೆಗೆ ಕೂಲಿ ಇರಲಿಲ್ಲ, ಅದರಿಂದ ಸಂಸ್ಥೆಯ ಖರ್ಚು ಉಳಿಯುತ್ತಿತ್ತು, ಹೀಗಾಗಿ ಚಿಕಿತ್ಸೆ ಎಲ್ಲಿ ಮುಗಿದು ಬಿಟ್ಟಿ ಚಾಕರಿ ಎಲ್ಲಿ ಆರಂಭವಾಗುತ್ತಿತ್ತೆಂದು ಹೇಳುವುದು ಕಷ್ಟ.

ಆ ದುಡಿಮೆಯ ಸಾಕ್ಷ್ಯ ಇಂದೂ ಕಣ್ಣೆದುರಿಗಿದೆ. ಆವರಣದ ದಕ್ಷಿಣದ ಇಟ್ಟಿಗೆ ಗೋಡೆ 1860ರದು. ಜಮೀನಿನ ಒಂದು ಭಾಗವನ್ನು ಮಾರಿ ಎಲ್ಲೆಯನ್ನು ಒಳಕ್ಕೆ ಸರಿಸಿದಾಗ, ಪೂರ್ವ ಪಶ್ಚಿಮಗಳ ಗೋಡೆಗಳು 1888-89ರಲ್ಲಿ ಎದ್ದುವು. ಕಟ್ಟಿದವರು ರೋಗಿಗಳು; ತಮ್ಮನ್ನು ಒಳಗಿಡುವ ಗೋಡೆಯನ್ನು ತಮ್ಮ ಕೈಯಿಂದಲೇ ಕಟ್ಟಿದರು. ಹತ್ತಿರ ಹೋಗಿ ನೋಡಿದರೆ ಹಳೆಯ ಸುಣ್ಣದ ಗಾರೆ ಅಲ್ಲಲ್ಲಿ ಉದುರಿ ಸಂದುಗಳು ಆಳವಾಗಿವೆ, ಇಟ್ಟಿಗೆಗಳ ಅಂಚು ಶೀತಕ್ಕೆ ಸಿಡಿದು ಪುಡಿಯಾಗಿದೆ, ಕೆಲವು ಇಟ್ಟಿಗೆಗಳ ಮೈಮೇಲೆ ಯಾರೋ ಗೀಚಿದ ಗುರುತುಗಳಿವೆ. ಜೆಫ್ರಿ ರಿಯೋಮ್ ಎಂಬ ಇತಿಹಾಸಕಾರರು, ತಾವೂ ಮನೋವೈದ್ಯಚಿಕಿತ್ಸೆಗೆ ಒಳಗಾಗಿದ್ದವರು, ಈ ಆಸ್ಪತ್ರೆಯ ರೋಗಿಗಳ ಬದುಕನ್ನು ಕುರಿತು 2000ದಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿ, ಆಸಕ್ತರನ್ನು ಗೋಡೆಯ ಸುತ್ತ ಕರೆದೊಯ್ದು ಅದರ ಕಥೆ ಹೇಳುವ ಪರಿಪಾಠವನ್ನು ಹಾಕಿದರು. ಅಧೀಕ್ಷಕರ ಭಾವಚಿತ್ರಗಳಿಂದ ಚರಿತ್ರೆಯನ್ನು ಬರೆಯುವ ರೂಢಿಗೆ ಇದೊಂದು ಉತ್ತರ. ಎಟೋಬಿಕೋದಲ್ಲಿಯೂ ಇಂಥದೇ ಒಂದು ಸ್ಥಳವಿದೆ: 1890ರಲ್ಲಿ ಈ ಸಂಸ್ಥೆಯ ಶಾಖೆಯಾಗಿ ಆರಂಭವಾದ ಮಿಮಿಕೊ ಆಶ್ರಯಧಾಮ. ಅದು 1979ರಲ್ಲಿ ಮುಚ್ಚಿತು. ಅದರ ಕಟ್ಟಡಗಳಲ್ಲಿ ಈಗ ಹಂಬರ್ ವಿದ್ಯಾಸಂಸ್ಥೆಯ ತರಗತಿಗಳು ನಡೆಯುತ್ತವೆ, ಕರ್ನಾಟಕದಿಂದ ಬಂದ ಹುಡುಗ ಹುಡುಗಿಯರೂ ಅಲ್ಲಿ ಓದುತ್ತಾರೆ. ಅಲ್ಲಿ ತೀರಿಕೊಂಡ 1,511 ಮಂದಿಯ ರುದ್ರಭೂಮಿಯು ಎವನ್ಸ್ ಮತ್ತು ಹಾರ್ನರ್ ರಸ್ತೆಗಳು ಕೂಡುವಲ್ಲಿ, ಬಹುಪಾಲು ಹೆಸರುಗಲ್ಲುಗಳಿಲ್ಲದೆ, ಬರಿಯ ಹುಲ್ಲುಬಯಲಿನಂತೆ ಇದೆ.

ಇದೇ ಕಾಲಕ್ಕೆ ನಮ್ಮ ನಾಡಿನಲ್ಲಿ ಏನಾಗುತ್ತಿತ್ತೆಂದು ಕನ್ನಡ ಓದುಗರು ಕೇಳುವುದು ಸಹಜ. ಬೆಂಗಳೂರಿನ ಹುಚ್ಚಾಸ್ಪತ್ರೆಯೂ, ಆಶ್ಚರ್ಯವೆನ್ನುವಂತೆ, ಹತ್ತೊಂಬತ್ತನೆಯ ಶತಮಾನದ ನಡುವಣ ಆ ವರ್ಷಗಳಲ್ಲಿಯೇ ಹುಟ್ಟಿದುದು. 1925ರಲ್ಲಿ ಮೈಸೂರು ಸರ್ಕಾರವು ಅದರ ಹೆಸರನ್ನು ಮಾನಸಿಕ ಆಸ್ಪತ್ರೆ ಎಂದು ಬದಲಿಸಿತು; ಮೂವತ್ತರ ದಶಕದಲ್ಲಿ ಅದು ಹೊಸೂರು ರಸ್ತೆಯ ಈಗಿನ ಸ್ಥಳಕ್ಕೆ ಬಂದಿತು; 1954ರಲ್ಲಿ ಎಂ. ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ ಅದರ ಜತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು. ಇವೆರಡೂ ಕೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಆದರೆ ಒಂದು ವಿಷಯದಲ್ಲಿ ಈ ಎರಡು ಊರುಗಳ ದಾರಿ ಬೇರೆಬೇರೆ. ಟೊರಾಂಟೊದಲ್ಲಿ ರೋಗಿಯನ್ನು ಒಳಗೆ ಬಿಟ್ಟು ಬಂಧುಗಳು ಹಿಂದಿರುಗುತ್ತಿದ್ದರು. ಭಾರತದಲ್ಲಿ, ಅಮೃತಸರದ ವಿದ್ಯಾಸಾಗರರು 1950ರ ದಶಕದಲ್ಲಿ ಆಸ್ಪತ್ರೆಯ ಅಂಗಳದಲ್ಲಿ ಡೇರೆಗಳನ್ನು ಹಾಕಿಸಿ ರೋಗಿಯ ಮನೆಯವರನ್ನೇ ಜತೆಗೆ ಇರಿಸಿಕೊಂಡ ಪ್ರಯೋಗದ ತರುವಾಯ, ಬೆಂಗಳೂರಿನಲ್ಲಿಯೂ ತಾಯಿಯೋ ತಮ್ಮನೋ ಪಕ್ಕದಲ್ಲಿದ್ದು ಆರೈಕೆಯನ್ನು ಕಲಿಯುವ ಕ್ರಮ ಬೆಳೆಯಿತು. ಇದಕ್ಕೆ ದಾದಿಯರ ಕೊರತೆಯೂ ಒಂದು ಕಾರಣವಾಗಿದ್ದೀತು. ಕೊರತೆಯಿಂದ ಹುಟ್ಟಿದ ಒಳ್ಳೆಯ ಪದ್ಧತಿಗಳು ನಮ್ಮಲ್ಲಿ ಇನ್ನೂ ಇವೆ.

ಆಸ್ಪತ್ರೆಗೆ ಬಾರದವರ ಕಥೆಯನ್ನು ಅರಿಯಬೇಕಾದರೆ ಉಡುಪಿ ಸೀಮೆಯ ಕೋಟಕ್ಕೆ ಹೋಗಬೇಕು. ಶಿವರಾಮ ಕಾರಂತರ ಹುಟ್ಟೂರು. ಅಲ್ಲಿ ಮನೆಮನೆಗೆ ಹೋಗಿ ಮನಸ್ಸಿನ ಸುಖದುಃಖಗಳನ್ನು ವಿಚಾರಿಸಿ, ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ಇಬ್ಬರು ಮನೋವೈದ್ಯರು 1976ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಬ್ರಾಹ್ಮಣರು, ಬಂಟರು, ಮೊಗವೀರರು ತಂತಮ್ಮ ಸಂಕಟವನ್ನು ಹೇಗೆ ಹೇಳಿಕೊಳ್ಳುತ್ತಾರೆ, ವೈದ್ಯರ ಬಳಿಗೆ ಹೋಗುತ್ತಾರೋ, ಮಂತ್ರವಾದಿಯ ಬಳಿಗೋ, ಮೈಮೇಲೆ ದೈವ ಬರುವ ಪಾತ್ರಿಯ ಬಳಿಗೋ ಎಂಬುದೆಲ್ಲ ಅದರಲ್ಲಿದೆ. ಹಳ್ಳಿಯವರಿಗೆ ಇವು ಪರಸ್ಪರ ವಿರುದ್ಧವಾದ ದಾರಿಗಳಲ್ಲ. ಒಂದೇ ವಾರದಲ್ಲಿ ಎರಡು ಕಡೆಗೂ ಹೋಗಿಬರುವುದರಲ್ಲಿ ಅವರಿಗೆ ಸಂಕೋಚವಿಲ್ಲ. ಪಾತ್ರಿಯಿಂದ ಖಿನ್ನತೆ ವಾಸಿಯಾಗುತ್ತದೆಂದು ನಾನು ಹೇಳಲಾರೆ. ಆದರೆ ಅಲ್ಲಿಗೆ ಹೋಗುವ ಮುನ್ನ ಅತ್ತೆಯೋ ನೆರೆಮನೆಯವಳೋ "ಇವಳು ಯಾಕೋ ಮೊದಲಿನಂತಿಲ್ಲ" ಎಂದು ಗಮನಿಸಿರುತ್ತಾಳೆ, ನಾಲ್ಕು ಜನ ಜತೆಯಲ್ಲಿ ಹೊರಟಿರುತ್ತಾರೆ. ಈ ಗಮನಿಸುವಿಕೆಯೇ ಕಡಲು ದಾಟಿ ಬರುವಾಗ ಹಿಂದೆ ಉಳಿದುಬಿಡುವ ಸಾಮಾನು.

ಟೊರಾಂಟೊಗೆ ಮರಳೋಣ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಸ್ಪತ್ರೆಯ ಅಧೀಕ್ಷಕನಾಗಿದ್ದವನು ಚಾರ್ಲ್ಸ್ ಕರ್ಕ್ ಕ್ಲಾರ್ಕ್. ಆತ ಸಮರ್ಥ ಆಡಳಿತಗಾರ, ಮುಂದೆ ವಿಶ್ವವಿದ್ಯಾನಿಲಯದ ವೈದ್ಯವಿಭಾಗದ ಮುಖ್ಯಸ್ಥ. ಫ್ರಾಯ್ಡನ ಶಿಷ್ಯ ಅರ್ನೆಸ್ಟ್ ಜೋನ್ಸ್ 1908ರಲ್ಲಿ ಲಂಡನ್ನಿನಿಂದ ಬಂದು ಐದು ವರ್ಷ ಈ ಊರಿನಲ್ಲಿದ್ದುದು ಕ್ಲಾರ್ಕನ ಆಶ್ರಯದಲ್ಲಿಯೇ. ಆದರೆ ಅದೇ ಕ್ಲಾರ್ಕನು ದೇಶದ ಹುಚ್ಚಿಗೆ ವಲಸಿಗರೇ ಬಹುಮಟ್ಟಿಗೆ ಕಾರಣರೆಂದೂ, ಹಡಗಿನಿಂದ ಇಳಿಯುವಾಗಲೇ ಅವರನ್ನು ಸೋಸಬೇಕೆಂದೂ ದೀರ್ಘಕಾಲ ವಾದಿಸಿದನು. 1906ರ ವಲಸೆ ಶಾಸನವು, ದೇಶಕ್ಕೆ ಬಂದ ಎರಡು ವರ್ಷಗಳೊಳಗಾಗಿ ಆಶ್ರಯಧಾಮ ಸೇರಿದವರನ್ನು ಹಿಂದಕ್ಕೆ ಕಳಿಸಲು ಅವಕಾಶ ಕೊಟ್ಟಿತು. 1910ರ ಶಾಸನವು ಆ ಅವಧಿಯನ್ನು ಮೂರು ವರ್ಷಕ್ಕೆ ವಿಸ್ತರಿಸಿತು. ಹೊಸನಾಡಿನಲ್ಲಿ ಒಂಟಿತನದಿಂದ ಕುಗ್ಗಿಹೋದ ಒಬ್ಬ ಕೂಲಿಯವನು ಆ ಕಾಲದಲ್ಲಿ ವೈದ್ಯರ ಹತ್ತಿರ ಬಾಯಿ ಬಿಟ್ಟರೆ ದೊರೆಯಬಹುದಾಗಿದ್ದುದು ಮದ್ದಲ್ಲ, ಹಿಂದಿರುಗುವ ಹಡಗಿನ ಚೀಟಿ. ವಲಸೆ ಬಂದವರು ತಮ್ಮ ಮನಸ್ಸಿನ ಕಾಯಿಲೆಯನ್ನು ಮುಚ್ಚಿಡುವ ಸ್ವಭಾವವನ್ನು ಅವರವರ ಸಂಸ್ಕೃತಿಯ ದೋಷವೆಂದು ವರ್ಣಿಸುವವರು ಈ ಶಾಸನಗಳನ್ನೊಮ್ಮೆ ಓದಬೇಕು.

ಕ್ಲಾರ್ಕನ ಜತೆಗೂಡಿ 1918ರಲ್ಲಿ ಮಾನಸಿಕ ಆರೋಗ್ಯದ ರಾಷ್ಟ್ರೀಯ ಸಮಿತಿಯನ್ನು ಕಟ್ಟಿದವನು ಕ್ಲಾರೆನ್ಸ್ ಹಿಂಕ್ಸ್ ಎಂಬ ತರುಣ ವೈದ್ಯ. ಆ ಸಮಿತಿಯೇ 1950ರಲ್ಲಿ ಕೆನಡಾ ಮಾನಸಿಕ ಆರೋಗ್ಯ ಸಂಘವೆಂಬ ಹೆಸರನ್ನು ತಾಳಿ ಇಂದಿಗೂ ನಡೆಯುತ್ತಿದೆ. ಹಿಂಕ್ಸನ ವಿಷಯದಲ್ಲಿ ಗಮನಾರ್ಹವಾದ ಸಂಗತಿಯೊಂದುಂಟು: ಸಭೆಗಳಲ್ಲಿ ಶ್ರೀಮಂತರ ಕೈಯಿಂದ ಲೀಲಾಜಾಲವಾಗಿ ಧನ ಕೂಡಿಸುತ್ತಿದ್ದ ಈ ಉತ್ಸಾಹಮೂರ್ತಿಯು ವಿದ್ಯಾರ್ಥಿದೆಸೆಯಿಂದಲೇ ಖಿನ್ನತೆಯ ರೋಗಿ. ರೋಗವು ಬಂದು ಬಂದು ಹೋಗುತ್ತಿತ್ತು. ಬಂದಾಗ ಜಗತ್ತಿನ ರುಚಿಯೇ ಹೋಗಿಬಿಡುತ್ತಿತ್ತು. ವೃದ್ಧಾಪ್ಯದಲ್ಲಿ ಆತ ಅದನ್ನು ಮರೆಮಾಚದೆ ಹೇಳಿಕೊಂಡನು. ಪಾಗಲಖಾನೆಯ ಅಧೀಕ್ಷಕನು ಹೊರಗಿನಿಂದ ನೋಡಿ ವರ್ಗೀಕರಿಸಿದ ವ್ಯಾಧಿಯನ್ನು ಒಳಗಿನಿಂದ ಬಲ್ಲ ವೈದ್ಯನೊಬ್ಬನು ಈ ನಗರದಲ್ಲಿ ಸಾರ್ವಜನಿಕ ಕಾರ್ಯಕ್ಕೆ ಇಳಿದುದು ಆಗ. ಅವನೂ ಕಾಲದ ದೋಷಗಳಿಂದ ಮುಕ್ತನಾಗಿರಲಿಲ್ಲ, ದುರ್ಬಲಬುದ್ಧಿಯವರ ಸಂತಾನಹರಣವನ್ನು ಸಮರ್ಥಿಸಿದವರಲ್ಲಿ ಅವನೂ ಒಬ್ಬ. ಸ್ವಂತ ನೋವಿನ ಅನುಭವವು ಮನುಷ್ಯನನ್ನು ಎಲ್ಲ ದಿಕ್ಕಿನಲ್ಲಿಯೂ ಕರುಣಾಳುವನ್ನಾಗಿ ಮಾಡುವುದೆಂಬ ಭರವಸೆಯಿಲ್ಲ.

ಔಷಧಗಳ ಕಥೆಯಲ್ಲಿ ಟೊರಾಂಟೊ ಮತ್ತು ಭಾರತ ಎರಡೂ ಅನಿರೀಕ್ಷಿತವಾಗಿ ತಲೆಹಾಕುತ್ತವೆ. 1921ರಲ್ಲಿ ಇಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಮಧುಮೇಹಕ್ಕಾಗಿ ಕಂಡುಹಿಡಿದ ಇನ್ಸುಲಿನ್ನನ್ನು ವಿಯೆನ್ನಾದ ಸಾಕೆಲ್ ಎಂಬ ವೈದ್ಯನು ಮೂವತ್ತರ ದಶಕದಲ್ಲಿ ಮನೋರೋಗಿಗಳನ್ನು ಮೂರ್ಛೆಗೊಳಪಡಿಸಲು ಬಳಸಿದನು. ಆ ಕ್ರೂರವಿಧಾನವು ಲೋಕದ ಆಸ್ಪತ್ರೆಗಳಲ್ಲೆಲ್ಲ ಕೆಲಕಾಲ ಮೆರೆದು ಅಳಿಯಿತು. 1938ರಲ್ಲಿ ರೋಮಿನಲ್ಲಿ ಆರಂಭವಾದ ವಿದ್ಯುತ್ ಚಿಕಿತ್ಸೆ ಮಾತ್ರ, ಅರಿವಳಿಕೆಯ ನೆರವಿನಿಂದ ಸೌಮ್ಯರೂಪ ತಾಳಿ, ಘೋರವಾದ ಖಿನ್ನತೆಗೆ ಇಂದಿಗೂ ಫಲಕಾರಿಯಾಗಿದೆ. ಚಲನಚಿತ್ರಗಳು ಅದರ ಬಗ್ಗೆ ಹುಟ್ಟಿಸಿರುವ ಭೀತಿಗೆ ಈಗ ಆಧಾರವಿಲ್ಲ. ಇನ್ನು ನಮ್ಮ ಸರ್ಪಗಂಧ. ಆ ಬೇರಿನಿಂದ 1952ರಲ್ಲಿ ಬೇರ್ಪಡಿಸಿದ ರಿಸರ್ಪಿನ್ ಎಂಬ ಸತ್ವವನ್ನು ರಕ್ತದೊತ್ತಡಕ್ಕೆಂದು ಸೇವಿಸಿದವರಲ್ಲಿ ಕೆಲವರು ಅಕಾರಣವಾದ ವಿಷಾದಕ್ಕೆ ಒಳಗಾದರು. ಅದು ಮಿದುಳಿನ ಕೆಲವು ರಾಸಾಯನಿಕಗಳನ್ನು ಬರಿದುಮಾಡುವುದೆಂದು ತಿಳಿದಾಗ, ಖಿನ್ನತೆಗೂ ಅವುಗಳ ಕೊರತೆಗೂ ಸಂಬಂಧವಿರಬೇಕೆಂಬ ಊಹೆ ಹುಟ್ಟಿತು. ಆ ಊಹೆ ಇಂದು ಪೂರ್ಣಸತ್ಯವಾಗಿ ಉಳಿದಿಲ್ಲವಾದರೂ ಅರ್ಧ ಶತಮಾನದ ಸಂಶೋಧನೆಗೆ ದಾರಿ ತೋರಿಸಿತು. 1957ರಲ್ಲಿ ಸ್ವಿಟ್ಜರ್ಲೆಂಡಿನ ರೋಲಂಡ್ ಕೂನ್ ಇಮಿಪ್ರಮೀನ್ ಎಂಬ ಮದ್ದು ವಿಷಾದವನ್ನು ತಿಳಿಗೊಳಿಸುವುದನ್ನು ಪ್ರಕಟಿಸಿದನು. ಅಲ್ಲಿಂದ ಮುಂದಕ್ಕೆ ಖಿನ್ನತೆಯು ಗೋಡೆಯೊಳಗಿಟ್ಟು ಕಾಯುವ ರೋಗವಾಗಿ ಉಳಿಯಲಿಲ್ಲ. ಊರಿನ ಯಾವ ವೈದ್ಯನಾದರೂ ಚೀಟಿಯಲ್ಲಿ ಬರೆಯಬಹುದಾದ ಔಷಧವುಳ್ಳ ರೋಗವಾಯಿತು.

ಕನ್ನಡದಲ್ಲಿ ಈ ಹೊಸ ಅರಿವನ್ನು ತಂದವರಲ್ಲಿ ಡಾ. ಎಂ. ಶಿವರಾಂ ಅವರನ್ನು ಸ್ಮರಿಸಬೇಕು. 'ರಾಶಿ' ಎಂಬ ಹೆಸರಿನಿಂದ 'ಕೊರವಂಜಿ'ಯನ್ನು ನಡೆಸಿ ನಾಡನ್ನು ನಗಿಸಿದ ಆ ವೈದ್ಯರು ಮನೋರೋಗಗಳನ್ನು ಕುರಿತು ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ತರುವಾಯ ನಿಮ್ಹಾನ್ಸಿನ ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಸ್ತಕಗಳೂ ಲೇಖನಗಳೂ ಮನೆಮನೆಗೆ ಮುಟ್ಟಿದುವು. ಕೆನಡಾಕ್ಕೆ ಹೊರಟವರ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಸಾರಿನ ಪುಡಿಗಳ ಜತೆಗೆ ಇಂಥ ಪುಸ್ತಕ ಎಷ್ಟಿದ್ದುವೋ ನಾನರಿಯೆ.

ಹೊರಟವರು ಬಂದುದು 1967ರ ಅನಂತರ. ಆ ವರ್ಷ ಕೆನಡಾ ಸರ್ಕಾರವು ಹುಟ್ಟಿದ ದೇಶವನ್ನು ನೋಡುವುದನ್ನು ಬಿಟ್ಟು ವಿದ್ಯೆ, ಭಾಷೆ, ಕಸುಬುಗಳಿಗೆ ಅಂಕ ಕೊಟ್ಟು ವಲಸಿಗರನ್ನು ಆರಿಸುವ ಕ್ರಮವನ್ನು ತಂದಿತು; ವೈದ್ಯರು, ಇಂಜಿನಿಯರುಗಳು, ಅಧ್ಯಾಪಕರು ಮೈಸೂರು, ಧಾರವಾಡ, ಮಂಗಳೂರುಗಳಿಂದ ಬಂದರು, 1973ರಲ್ಲಿ ಟೊರಾಂಟೊದ ಕನ್ನಡ ಸಂಘ ಹುಟ್ಟಿತು. ಇತ್ತ ಇದೇ ವರ್ಷಗಳಲ್ಲಿ ಕ್ವೀನ್ ಬೀದಿಯ ಹಳೆಯ ಸೌಧವು ಬರಿದಾಗುತ್ತಿತ್ತು. ಕಾಲೇಜ್ ಬೀದಿಯಲ್ಲಿ 1966ರಲ್ಲಿ ಕ್ಲಾರ್ಕನ ಹೆಸರಿನ ಹೊಸ ಮನೋವೈದ್ಯಸಂಸ್ಥೆ ತೆರೆಯಿತು. ಆತ್ಮಹತ್ಯೆಯ ಯತ್ನವು ಅಪರಾಧವೆಂಬ ವಿಧಿಯನ್ನು 1972ರಲ್ಲಿ ದೇಶದ ದಂಡಸಂಹಿತೆಯಿಂದ ತೆಗೆದುಹಾಕಿದರು. ಭಾರತದಲ್ಲಿ ಅಂಥ ರೋಗಿಗೆ ರಕ್ಷಣೆ ಕೊಡುವ ಶಾಸನವಾಗಲು 2017 ಬರಬೇಕಾಯಿತು. ಹೊವಾರ್ಡನ ಗುಮ್ಮಟವನ್ನು 1975-76ರಲ್ಲಿ, ಪ್ರತಿಭಟನೆಗಳ ನಡುವೆ, ಕೆಡವಿದರು. ಬಿಡುಗಡೆ ಹೊಂದಿದ ರೋಗಿಗಳಲ್ಲಿ ಅನೇಕರು ಸಮೀಪದ ಪಾರ್ಕ್‌ಡೇಲ್ ಬಡಾವಣೆಯ ಅಗ್ಗದ ಬಾಡಿಗೆ ಕೋಣೆಗಳನ್ನು ಸೇರಿದರು; ಗೋಡೆಯ ಬಾಗಿಲನ್ನು ತೆರೆದುದು ಸುಲಭವಾಯಿತು, ಗೋಡೆಯ ಹೊರಗೆ ಮನೆಯೊಂದನ್ನು ಒದಗಿಸುವುದು ಆಗಲಿಲ್ಲ.

ವಲಸಿಗರ ಮನಸ್ಸಿನ ಬಗ್ಗೆ ಕ್ಲಾರ್ಕನ ವಾದಕ್ಕೆ ಸರಿಯಾದ ಉತ್ತರ ಬಂದುದು 1988ರಲ್ಲಿ. ಮಾರ್ಟನ್ ಬೈಸರ್ ಅವರ ಅಧ್ಯಕ್ಷತೆಯಲ್ಲಿ ಕೇಂದ್ರ ಸರ್ಕಾರ ನೇಮಿಸಿದ್ದ ಸಮಿತಿಯು, ವಲಸೆ ಬರುವುದೇ ರೋಗಕ್ಕೆ ಕಾರಣವಲ್ಲ, ಬಂದ ಮೇಲೆ ಎದುರಾಗುವ ಸನ್ನಿವೇಶಗಳು ಕಾರಣವೆಂದು ವರದಿ ಮಾಡಿತು. ಅಂತಸ್ತಿನ ಇಳಿತ, ಭಾಷೆಯ ತೊಡಕು, ಕುಟುಂಬದಿಂದ ಅಗಲಿಕೆ, ತನ್ನವರೆನ್ನುವವರು ಹತ್ತಿರ ಇಲ್ಲದಿರುವುದು, ಸ್ಥಳೀಯರ ನಿರಾದರ, ಹಿಂದಿನ ಆಘಾತಗಳು. ಇವಲ್ಲದೆ, ಎಳೆಹರೆಯದಲ್ಲಿ ಅಥವಾ ಇಳಿವಯಸ್ಸಿನಲ್ಲಿ ಬಂದವರಿಗೆ ಅಪಾಯ ಅಧಿಕ. ಊರಿನಲ್ಲಿ ಇಪ್ಪತ್ತು ಜನರ ಮೇಲಧಿಕಾರಿಯಾಗಿದ್ದು ಬ್ರಾಂಪ್ಟನ್ನಿನ ಗೋದಾಮಿನಲ್ಲಿ ರಾತ್ರಿಪಾಳಿಯಲ್ಲಿ ಪೆಟ್ಟಿಗೆ ಎತ್ತುವವನೂ, ಮೊಮ್ಮಗುವನ್ನು ನೋಡಿಕೊಳ್ಳಲೆಂದು ಹಾಸನದಿಂದ ಬಂದು ಮಿಸಿಸಾಗದ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಿಟಕಿಯ ಬಳಿ ಕುಳಿತಿರುವ ಅಜ್ಜಿಯೂ ಆ ಪಟ್ಟಿಯಲ್ಲಿ ತಮ್ಮನ್ನು ಕಂಡುಕೊಳ್ಳಬಹುದು.

ಆ ಅಜ್ಜಿಯನ್ನು ವೈದ್ಯರ ಬಳಿಗೆ ಕರೆದೊಯ್ದಾಗ ಏನಾಗುವುದೆಂದು ಊಹಿಸಿ ನೋಡಿ. ನಮ್ಮವರು ಮನಸ್ಸಿನ ನೋವನ್ನು ಮೊದಲು ಮೈಯ ನೋವಾಗಿ ಹೇಳುತ್ತಾರೆ: ತಲೆಭಾರ, ಎದೆಯುರಿ, ಕೈಕಾಲು ಸೆಳೆತ, ಗ್ಯಾಸು. "ರಾತ್ರಿ ಮೂರಕ್ಕೇ ಎಚ್ಚರ ಆಗತ್ತಪ್ಪ, ಆಮೇಲೆ ನಿದ್ದೆಯೇ ಹತ್ತಲ್ಲ. ಊಟ ಸೇರಲ್ಲ. ಯಾಕಾದರೂ ಇದೀನೋ ಅನ್ನಿಸತ್ತೆ" ಎಂದು ಆಕೆ ಮಗನಿಗೆ ಹೇಳುತ್ತಾಳೆ. ಮಗನು ವೈದ್ಯರ ಕಡೆ ತಿರುಗಿ, ಅಮ್ಮನಿಗೆ ನಿದ್ದೆ ಕಡಿಮೆ, ಸ್ವಲ್ಪ ಸುಸ್ತು ಎಂದು ಇಂಗ್ಲಿಷಿನಲ್ಲಿ ಹೇಳುತ್ತಾನೆ. ಕೊನೆಯ ವಾಕ್ಯವನ್ನು ಬಿಟ್ಟುಬಿಟ್ಟದ್ದು ಕಪಟದಿಂದಲ್ಲ. ತಾಯಿಯ ಬಾಯಿಂದ ಬಂದ ಆ ಮಾತನ್ನು ಪರರ ಮುಂದೆ ಉಚ್ಚರಿಸಲು ಯಾವ ಮಗನಿಗೆ ನಾಲಗೆ ಏಳುತ್ತದೆ? ವೈದ್ಯರು ರಕ್ತಪರೀಕ್ಷೆಗೆ ಬರೆದುಕೊಡುತ್ತಾರೆ. ನಗರದ ದೊಡ್ಡ ಆಸ್ಪತ್ರೆಗಳಲ್ಲಿ ದೂರವಾಣಿಯ ಮೂಲಕ ದುಭಾಷಿಯನ್ನು ಒದಗಿಸುವ ಏರ್ಪಾಡಿರುವುದು ಈ ಕಾರಣಕ್ಕಾಗಿಯೇ; ಅದನ್ನು ಕೇಳಿ ಪಡೆಯುವುದರಲ್ಲಿ ಅವಮಾನವಿಲ್ಲ.

ಇಂದು ಒಂಟಾರಿಯೊದಲ್ಲಿ ಖಿನ್ನತೆಯ ಚಿಕಿತ್ಸೆಯ ಮೊದಲ ಮೆಟ್ಟಿಲು ಫ್ಯಾಮಿಲಿ ಡಾಕ್ಟರ ಕೊಠಡಿ. ಅಲ್ಲಿ ಕೈಗೆ ಕೊಡುವ ಒಂದು ಹಾಳೆಯಲ್ಲಿ ಒಂಬತ್ತು ಪ್ರಶ್ನೆಗಳಿರುತ್ತವೆ: ಕಳೆದ ಎರಡು ವಾರಗಳಲ್ಲಿ ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದು, ನಿದ್ದೆ, ಹಸಿವು, ಆಯಾಸ, ಏಕಾಗ್ರತೆ, ತಾನು ನಿಷ್ಪ್ರಯೋಜಕನೆಂಬ ಭಾವ, ಒಂಬತ್ತನೆಯದು ಸಾವಿನ ಯೋಚನೆಯನ್ನು ಕುರಿತದ್ದು. ಒಂದೊಂದಕ್ಕೂ ಸೊನ್ನೆಯಿಂದ ಮೂರು ಅಂಕ, ಒಟ್ಟು 27. ಹತ್ತನ್ನು ಮುಟ್ಟಿದರೆ ವೈದ್ಯರು ಗಂಭೀರವಾಗಿ ವಿಚಾರಿಸುತ್ತಾರೆ. ಅತ್ತೆಯೂ ನೆರೆಮನೆಯವಳೂ ಮಾಡುತ್ತಿದ್ದ ಕೆಲಸ ಈ ಹಾಳೆಯ ಪಾಲಿಗೆ ಬಂದಿದೆ. ಅದು ಶುಷ್ಕವಾದುದೆಂದು ಮೂಗುಮುರಿಯುವವರಿದ್ದಾರೆ. ಆದರೆ ಒಂಬತ್ತನೆಯ ಪ್ರಶ್ನೆಯನ್ನು ಅತ್ತೆ ಕೇಳುತ್ತಿರಲಿಲ್ಲ. ವೈದ್ಯರು ಕಳಿಸಿಕೊಟ್ಟರೆ ಮನೋವೈದ್ಯರ ಖರ್ಚನ್ನು ಓಹಿಪ್ ಎಂಬ ಸರ್ಕಾರಿ ವಿಮೆಯೇ ಭರಿಸುತ್ತದೆ, ಕಾಯಬೇಕಾದ ತಿಂಗಳುಗಳು ಮಾತ್ರ ಹಲವು. ಖಾಸಗಿಯಾಗಿ ನಡೆಸುವ ಮನಶ್ಶಾಸ್ತ್ರಜ್ಞರು ಮತ್ತು ಆಪ್ತಸಲಹೆಗಾರರ ಶುಲ್ಕಕ್ಕೆ ಕೆಲಸದ ಕಡೆಯ ವಿಮೆಯನ್ನೋ ಸ್ವಂತ ಕಿಸೆಯನ್ನೋ ನಂಬಬೇಕು. ಓದಲು ಬಂದ ಹೊರದೇಶದ ವಿದ್ಯಾರ್ಥಿಗಳಿಗೆ ಓಹಿಪ್ ಇಲ್ಲ. ಅವರು ಶುಲ್ಕದ ಜತೆಗೇ ಕಟ್ಟಿರುವ ಕಾಲೇಜಿನ ವಿಮೆಯಲ್ಲಿ ಸಲಹೆಯ ಸೌಕರ್ಯ ಇರುವುದುಂಟು, ಎಷ್ಟೋ ಮಂದಿಗೆ ಅದರ ಸುದ್ದಿಯೇ ಗೊತ್ತಿರುವುದಿಲ್ಲ.

ಕ್ಲಾರ್ಕ್ ಸಂಸ್ಥೆ, ಕ್ವೀನ್ ಬೀದಿಯ ಆಸ್ಪತ್ರೆ ಮತ್ತು ವ್ಯಸನಚಿಕಿತ್ಸೆಯ ಎರಡು ಸಂಸ್ಥೆಗಳು 1998ರಲ್ಲಿ ಕೂಡಿ ಕ್ಯಾಮ್‌ಎಚ್ ಎಂಬ ಕೇಂದ್ರವಾದ ಮೇಲೆ, ಈ ನಗರವು ಖಿನ್ನತೆಯ ಸಂಶೋಧನೆಯಲ್ಲಿ ಲೋಕದ ಮುಂಚೂಣಿಗೆ ಬಂದಿದೆ. ಬೌದ್ಧರ ಸ್ಮೃತಿಸಾಧನೆಯನ್ನು ಆಧರಿಸಿ, ವಾಸಿಯಾದ ಖಿನ್ನತೆ ಮರುಕಳಿಸದಂತೆ ತಡೆಯುವ ವಿಧಾನವನ್ನು ರೂಪಿಸಿದ ಮೂವರಲ್ಲಿ ಟೊರಾಂಟೊದ ಜಿಂಡೆಲ್ ಸೀಗಲ್ ಒಬ್ಬರು. ಗಂಗಾತೀರದ ಸರಕು ಒಂಟಾರಿಯೊ ಸರೋವರದ ದಡಕ್ಕೆ ಬಂದು ಮತ್ತೆ ನಮ್ಮವರಿಗೇ ದೊರೆಯುತ್ತಿದೆ. 2005ರಲ್ಲಿ ಹೆಲೆನ್ ಮೇಬರ್ಗ್ ಮತ್ತು ಶಸ್ತ್ರವೈದ್ಯ ಆಂಡ್ರೆಸ್ ಲೊಜಾನೊ, ಯಾವ ಮದ್ದಿಗೂ ಬಗ್ಗದಿದ್ದ ಆರು ಮಂದಿಯ ಮಿದುಳಿನಾಳದಲ್ಲಿ ಸೂಕ್ಷ್ಮ ವಿದ್ಯುತ್ತಂತಿಗಳನ್ನಿಟ್ಟು, ಅವರಲ್ಲಿ ನಾಲ್ವರು ಚೇತರಿಸಿಕೊಂಡುದನ್ನು ವರದಿ ಮಾಡಿದರು. ತಲೆಯ ಹೊರಗಿನಿಂದ ಅಯಸ್ಕಾಂತದ ಸ್ಪಂದನಗಳನ್ನು ಹಾಯಿಸುವ ಚಿಕಿತ್ಸೆಯು 37 ನಿಮಿಷದ ಬದಲು ಮೂರೇ ನಿಮಿಷದಲ್ಲಿ ಅಷ್ಟೇ ಫಲ ಕೊಡುವುದೆಂದು, 414 ರೋಗಿಗಳನ್ನು ಪರೀಕ್ಷಿಸಿ 2018ರಲ್ಲಿ ತೋರಿಸಿಕೊಟ್ಟವರು ಡೇನಿಯಲ್ ಬ್ಲಂಬರ್ಗರ್ ಮತ್ತವರ ಸಂಗಡಿಗರು. ದಕ್ಷಿಣ ಏಷ್ಯಾದ ಮೂಲದವರ ಸಂಸಾರ, ನಂಬಿಕೆ, ಲಜ್ಜೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಮಾತಿನ ಚಿಕಿತ್ಸೆಯನ್ನು ತಿದ್ದುವ ಕಾರ್ಯವನ್ನು ಕ್ಯಾಮ್‌ಎಚ್‌ನಲ್ಲಿಯೇ ಫಾರೂಕ್ ನಯೀಮ್ ನಡೆಸಿದ್ದಾರೆ. ರೋಗಿಯ ಅಪ್ಪಣೆ ಪಡೆದು ಮನೆಯವರನ್ನು ಜತೆಗೆ ಕೂರಿಸಿಕೊಳ್ಳುವುದೂ ಅದರಲ್ಲಿ ಸೇರುತ್ತದೆ.

ಇನ್ನು ಇಲ್ಲಿನ ಚಳಿಗಾಲ. ಡಿಸೆಂಬರಿನ ಕೊನೆಯಲ್ಲಿ ಬೆಂಗಳೂರಿಗೆ ಹನ್ನೊಂದು ಗಂಟೆಗೂ ಮೀರಿದ ಹಗಲಿದ್ದರೆ, ಟೊರಾಂಟೊಗೆ ಇರುವುದು ಒಂಬತ್ತು ಗಂಟೆಗೂ ತುಸು ಕಡಿಮೆ. ಬೆಳಕಿನ ಈ ಅಭಾವದಿಂದ ಪ್ರತಿವರ್ಷ ಮರಳಿ ಬರುವ ವಿಷಾದವನ್ನು 1984ರಲ್ಲಿ ನಾರ್ಮನ್ ರೋಸೆಂತಾಲ್ ವಿವರಿಸಿದರು. ಬೆಳಗಿನ ಹೊತ್ತು 10,000 ಲಕ್ಸ್ ಪ್ರಕಾಶದ ದೀಪದೆದುರು ಅರ್ಧ ಗಂಟೆ ಕುಳಿತುಕೊಳ್ಳುವುದು ಅದಕ್ಕೆ ಒಂದು ಚಿಕಿತ್ಸೆ. ಕಣ್ಣಿನ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಕೂರತಕ್ಕದ್ದು.

ಮದ್ದಿನ ವಿಷಯದಲ್ಲಿ ನಮ್ಮವರ ಅವಸರವನ್ನು ಕುರಿತು ಒಂದು ಮಾತು ಹೇಳಬೇಕು. ಖಿನ್ನತೆಯ ಮಾತ್ರೆ ತಲೆನೋವಿನ ಮಾತ್ರೆಯಂತೆ ಅಂದೇ ಕೆಲಸ ಮಾಡುವುದಲ್ಲ. ಗುಣ ಕಾಣಲು ಹಲವು ವಾರ ಬೇಕು, ಗುಣವಾದ ಮೇಲೂ ಆರೇಳು ತಿಂಗಳು ಮುಂದುವರಿಸಬೇಕೆಂಬುದು ವೈದ್ಯರ ಸಾಮಾನ್ಯ ಸಲಹೆ. ಮೊದಲ ವಾರದಲ್ಲಿ ಹೊಟ್ಟೆ ತೊಳಸಿತೆಂದು ಬಿಡುವವರು ಕೆಲವರು; ಸರಿಹೋಯಿತೆಂದು ಎರಡನೆಯ ತಿಂಗಳಲ್ಲಿ ಬಿಡುವವರು ಕೆಲವರು; ಊರಿಗೆ ಹೋಗುವಾಗ, ಅತ್ತೆಯ ಮನೆಯಲ್ಲಿ ಯಾರಾದರೂ ಡಬ್ಬಿಯ ಮೇಲಿನ ಹೆಸರನ್ನು ಓದಿಯಾರೆಂದು, ಟೊರಾಂಟೊದ ಮನೆಯ ಕಪಾಟಿನಲ್ಲಿಯೇ ಇಟ್ಟುಹೋಗುವವರೂ ಇದ್ದಾರೆ. ಅಂಥವರು ಆರು ವಾರ ಬೆಂಗಳೂರಿನಲ್ಲಿದ್ದು ಹಿಂದಿರುಗುವ ಹೊತ್ತಿಗೆ ನವೆಂಬರು ಬಂದಿರುತ್ತದೆ, ಚಿಕಿತ್ಸೆಯನ್ನು ಮತ್ತೆ ಮೊದಲಿನಿಂದ ಹಿಡಿಯಬೇಕಾಗುತ್ತದೆ. ವೈದ್ಯರ ಚೀಟಿಯ ಪ್ರತಿಯೊಂದನ್ನು ಮಾತ್ರೆಗಳ ಜತೆಗೆ ಕೈಚೀಲದಲ್ಲಿಟ್ಟುಕೊಂಡು ಪ್ರಯಾಣ ಮಾಡಬಹುದು. ತಡೆಯಲಾರದ ರಾತ್ರಿಗಳಿಗೆಂದು 2023ರ ನವೆಂಬರ್ 30ರಿಂದ ಕೆನಡಾದಾದ್ಯಂತ 988 ಎಂಬ ಸಂಖ್ಯೆ ಇದೆ. ಹಗಲಿರುಳೂ, ಶುಲ್ಕವಿಲ್ಲದೆ, ಕರೆ ಮಾಡಬಹುದು, ಸಂದೇಶ ಕಳಿಸಬಹುದು. ಅಲ್ಲಿ ಉತ್ತರ ಬರುವುದು ಇಂಗ್ಲಿಷಿನಲ್ಲಿ ಅಥವಾ ಫ್ರೆಂಚಿನಲ್ಲಿ. ಕನ್ನಡವೊಂದನ್ನೇ ಬಲ್ಲ ತಾಯಂದಿರ ಪರವಾಗಿ ಆ ಸಂಖ್ಯೆಯನ್ನು ಒತ್ತಬೇಕಾದವರು ಸದ್ಯಕ್ಕೆ ಮನೆಯ ಮಕ್ಕಳೇ.